ಸುರಂಗದಲ್ಲಿ ಸಿಕ್ಕಿದ್ದು

"ಮೇಲೆ ನೋಡುವಾಗ ಬಾಯಿ ಮುಚ್ಕೊಂಡಿರಿ," ಎಂದ ಗೊಬ್ಬರದವನು, ಚೀಲದ ಬಾಯಿಗೆ ಹಗ್ಗ ಬಿಗಿಯುತ್ತ. "ಮಾತಾಡಲೇಬೇಕು ಅಂದ್ರೆ ನೆಲ ನೋಡ್ಕೊಂಡು ಮಾತಾಡಿ. ಮೊನ್ನೆ ಯಾರೋ ಒಬ್ಬರು ಬಂದು ಕತ್ತೆತ್ತಿ 'ಆಹಾ' ಅಂದ್ರು. ಆಮೇಲೆ ನನ್ನ ಡ್ರಮ್ಮಿನ ನೀರೆಲ್ಲ ಅವರ ಬಾಯಿ ತೊಳೆಯೋಕೇ ಆಯ್ತು."

ಅಕ್ಕನಿಗೆ ನಗು ಬಂತು. ತಮ್ಮ ನಗಲಿಲ್ಲ. ಅವನು ಕಾರಿನಲ್ಲಿ ಕೂತಿದ್ದಾಗಲೇ ಮೂಗಿನ ಕೆಳಗೆ ನೆಗಡಿಯ ಮುಲಾಮು ಸವರಿಕೊಂಡು, ಒಂದು ಮುಖಗವಸು, ಅದರ ಮೇಲೆ ಇನ್ನೊಂದು ಏರಿಸಿದ್ದ. ಕೈಗೆ ರಬ್ಬರ್ ಗ್ಲೌಸು ಹಾಕಿದ್ದ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಎಳೆದು ಮೊಣಕಾಲಿನ ಹತ್ತಿರ ದಾರ ಬಿಗಿದಿದ್ದ. ಫೋನನ್ನು ಕಾರಿನಲ್ಲೇ ಬಿಟ್ಟಿದ್ದ. ಬಾವಲಿ ಅದರ ಮೇಲೇನಾದರೂ ಹಾಕಿದರೆ ಆಮೇಲೆ ಅದನ್ನು ಕಿವಿಗೆ ಹಿಡಿಯುವುದು ಹೇಗೆ ಎಂಬುದು ಅವನ ಚಿಂತೆ.

"ಒಳಗೆ ಎಷ್ಟು ದೂರ ಹೋಗಬಹುದು?" ಎಂದು ಗೊಬ್ಬರದವನನ್ನು ಅಕ್ಕನೇ ಕೇಳಿದಳು.

"ತಿರುವಿನವರೆಗೂ ಹೋಗಬಹುದಮ್ಮ. ಅದರಾಚೆ ಮೇಲಿಂದ ಮಣ್ಣು ಕುಸಿದಿದೆ, ನಾನೂ ಹೋಗಲ್ಲ." ಅವನು ತಮ್ಮನ ಕಾಲಿನ ಚೀಲಗಳನ್ನು ನೋಡಿದ. "ಸಾಹೇಬರು ಏನು, ಅಂಗಡಿಗೆ ಹೋಗೋ ದಾರೀಲಿ ಬಂದ್ರಾ?"

ಗೊಬ್ಬರ ಕೆರೆದು ಮಾರುವುದೇ ಅವನ ಕೆಲಸ. ರೈಲು ಗುಡ್ಡ ಸುತ್ತಿಕೊಂಡು ಹೋಗಲು ಶುರುಮಾಡಿದ ಮೇಲೆ ಈ ಹಳೆಯ ಸುರಂಗದಿಂದ ಕಬ್ಬಿಣದ ಹಳಿಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಹಳಿ ಹೋದ ಮೇಲೆ ಬಾವಲಿಗಳು ಬಂದವು. ಬಾವಲಿಗಳ ಹಿಂದೆ ಇವನು ಬಂದ. ಅವುಗಳ ಹಿಕ್ಕೆಯನ್ನು ಗುದ್ದಲಿಯಿಂದ ಕೆರೆದು, ಚೀಲ ತುಂಬಿ, ಹೂವಿನ ತೋಟದವರಿಗೆ ಕೊಡುತ್ತಿದ್ದ. ಅವನ ಅಂಗಿ, ಹುಬ್ಬು, ಉಗುರಿನ ಸಂದು, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಸುರಂಗದ ಬಾಯಿಯ ಪಕ್ಕದಲ್ಲಿ ಊರಿನ ಕೋಳಿ ಅಂಗಡಿಗಳವರು ತಂದು ಸುರಿದ ಪುಕ್ಕ, ಕರುಳು, ಕಾಲು. ಅದರ ಮೇಲೆ ನೊಣಗಳು ಎಷ್ಟು ದಟ್ಟವಾಗಿದ್ದವೆಂದರೆ ರಾಶಿಯೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಒಳಗಿನಿಂದ ಬರುತ್ತಿದ್ದ ಘಾಟು ಬೇರೆಯದೇ. ಅದು ಮೂಗಿಗೆ ಬಡಿಯುವಂಥದ್ದಲ್ಲ, ನೇರವಾಗಿ ಗಂಟಲಿಗಿಳಿದು ಅಲ್ಲೇ ಕೂತು, ನುಂಗಿದರೂ ಹೋಗದೆ, ಉಗುಳಿದರೂ ಹೋಗದೆ ಇರುವಂಥದ್ದು.

"ಥೂ," ಎಂದ ತಮ್ಮ, ಎರಡು ಮುಖಗವಸಿನ ಒಳಗಿನಿಂದ.

ಮಾತು ಕಲಿಯುವ ಮೊದಲೇ ಅವನು ಕಲಿತಿದ್ದು ಆ ಶಬ್ದ. ಹಾಲಿನ ಕೆನೆ ಕಂಡರೆ ಥೂ, ತಲೆಗೂದಲು ಕಂಡರೆ ಥೂ, ನೆಂಟರ ಮನೆಯ ಟವೆಲು ಕಂಡರೆ ಥೂ. ಅಮ್ಮ ಅವನಿಗೆ ಥೂರಾಯ ಎಂದು ಹೆಸರಿಟ್ಟಿದ್ದಳು. "ನಮ್ಮ ಥೂರಾಯರು ಬಂದ್ರು, ಚಮಚ ಒರೆಸಿಡೇ," ಎನ್ನುತ್ತಿದ್ದಳು. ಅವನಿಗೆ ಮದುವೆ ಕೂಡಿಬರದೇ ಹೋದದ್ದೂ ಇದರಿಂದಲೇ. ಒಬ್ಬಳು ಊಟ ಮಾಡುವಾಗ ಚಪ್ಪರಿಸುತ್ತಾಳೆ, ಇನ್ನೊಬ್ಬಳ ಅಂಗೈ ಬೆವರುತ್ತದೆ, ಮತ್ತೊಬ್ಬಳ ಅಪ್ಪ ಎಲ್ಲರೆದುರಿಗೆ ಮೂಗು ಸೀನಿದ. ಕೊನೆಗೆ ಹುಡುಗಿಯರ ಮನೆಯವರೇ ಇವನ ಹೆಸರು ಕೇಳಿದರೆ ಕೈಮುಗಿದುಬಿಡುತ್ತಿದ್ದರು.

ಇಂಥವನು ಪಾಳುಬಿದ್ದ ಜಾಗಗಳ ಫೋಟೊ ತೆಗೆದು ಹೆಸರು ಮಾಡಿದ್ದನೆಂದರೆ ನಂಬುವುದು ಕಷ್ಟ. ಆದರೆ ಮಾಡಿದ್ದ. ಮುಚ್ಚಿದ ಗಿರಣಿ, ನೀರಿಲ್ಲದ ಈಜುಕೊಳ, ಕಿಟಕಿ ಒಡೆದ ಶಾಲೆ. ಅವನ ಫೋಟೊಗಳಲ್ಲಿ ಕೊಳೆ ಕೂಡ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಪ್ರತಿಯೊಂದರಲ್ಲೂ ಯಾರೋ ಬಿಟ್ಟುಹೋದ ಒಂದು ಸಣ್ಣ ವಸ್ತು ಇರುತ್ತಿತ್ತು: ಗಿರಣಿಯಲ್ಲಿ ಮಗುವಿನ ಒಂಟಿ ಬೂಟು, ಶಾಲೆಯಲ್ಲಿ ಗಾಜು ಬಿರಿದ ಕನ್ನಡಕ. ಜನ ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ವಾರ ಅವನ ದೊಡ್ಡ ಪ್ರದರ್ಶನ. ಗೋಡೆಯ ನಟ್ಟನಡುವಿನ ಜಾಗವನ್ನು ಈ ಸುರಂಗದ ಚಿತ್ರಕ್ಕೆಂದೇ ಖಾಲಿ ಬಿಟ್ಟಿದ್ದರು.

ಕೊಳೆಗೆ ಇಳಿಯುವ ಕೆಲಸ ಮಾತ್ರ ಅಕ್ಕನದು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇದ್ದವಳು. ವಾರ್ಡುಗಳಿಂದ ಬರುವ ಹಾಸಿಗೆ ಬಟ್ಟೆಯನ್ನು ಬಿಚ್ಚಿ, ರಕ್ತದ್ದು ಒಂದು ಕಡೆ, ವಾಂತಿ ಭೇದಿಯದ್ದು ಒಂದು ಕಡೆ ಹಾಕಿ ಹಾಕಿ ಅವಳ ಮೂಗು ಯಾವತ್ತೋ ಮುನಿಸು ಬಿಟ್ಟಿತ್ತು. ಹೊಸದಾಗಿ ಸೇರಿದ ಹುಡುಗಿಯರು ಬಚ್ಚಲಿಗೆ ಓಡಿಹೋಗಿ ಕಕ್ಕುವಾಗ ಇವಳು ಅವರ ಬೆನ್ನು ಸವರಿ, "ಮೈಯಿಂದ ಬಂದಿದ್ದು ಕಣೇ, ಮೈ ಅಂದ್ಮೇಲೆ ಇದೆಲ್ಲ ಇರುತ್ತೆ. ಹೊಟ್ಟೆಗಿಷ್ಟು ಚಹಾ ಬೀಳಲಿ, ಸರಿಹೋಗುತ್ತೆ," ಎನ್ನುತ್ತಿದ್ದಳು. ತಮ್ಮ ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳುವ ಮೊದಲು "ಸ್ನಾನ ಆಯ್ತಾ?" ಎಂದು ಕೇಳುತ್ತಿದ್ದ. ಅವಳು ಅದನ್ನು ಮನಸ್ಸಿಗೆ ಹಾಕಿಕೊಂಡವಳಲ್ಲ.

ಕತ್ತಲೆಯಲ್ಲಿ ಫೋಟೊ ತೆಗೆಯುವ ಅವನ ಕ್ರಮಕ್ಕೆ ಅವಳು ಬೇಕೇಬೇಕಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ಕಣ್ಣನ್ನು ಬಹಳ ಹೊತ್ತು ತೆರೆದೇ ಬಿಡುತ್ತಾನೆ. ಆಗ ಇವಳು ಮೈಯೆಲ್ಲ ಕಪ್ಪು ಬಟ್ಟೆ ತೊಟ್ಟು, ದೊಡ್ಡ ಲ್ಯಾಂಪು ಹಿಡಿದು, ಗೋಡೆಗೆ ಸುಣ್ಣ ಬಳಿಯುವ ಹಾಗೆ ಬೆಳಕು ಬಳಿಯುತ್ತ ಉದ್ದಕ್ಕೂ ನಡೆಯಬೇಕು. ನಡೆಯುತ್ತಲೇ ಇರುವವರು ಚಿತ್ರದಲ್ಲಿ ಮೂಡುವುದಿಲ್ಲ. ಬೆಳಕು ಬಿದ್ದ ಗೋಡೆ ಮೂಡುತ್ತದೆ, ಬೆಳಕು ಹಿಡಿದವಳು ಮೂಡುವುದಿಲ್ಲ. "ನಿಂತ್ಯೋ, ಕೆಟ್ಟೆ," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಹಾಗಾಗಿ ಅವನ ಎಲ್ಲ ಚಿತ್ರಗಳಲ್ಲೂ ಅಕ್ಕ ಇದ್ದಳು, ಒಂದರಲ್ಲೂ ಇರಲಿಲ್ಲ.

ಒಳಗೆ ಕಾಲಿಟ್ಟದ್ದೇ ಬೂಟು ಕಣಕಾಲಿನವರೆಗೆ ಹೂತುಹೋಯಿತು. ಹಿಕ್ಕೆ ಒಣಗಿದ ಕಡೆ ಪುಡಿಪುಡಿ, ಮೇಲಿಂದ ನೀರು ಜಿನುಗಿದ ಕಡೆ ಕೊಳೆತ ಗಂಜಿ. ಅಕ್ಕ ಲ್ಯಾಂಪು ತಗ್ಗಿಸಿ ನೋಡಿದಳು. ನೆಲ ಮಿಸುಕಾಡುತ್ತಿತ್ತು. ಜಿರಲೆಗಳು ಒಂದರ ಬೆನ್ನ ಮೇಲೊಂದು ಹತ್ತಿ, ಬೆಳಕಿಗೆ ಹೆದರಿ, ಹಿಕ್ಕೆಯ ಒಳಗೇ ಮುಳುಗಿ ಮುಳುಗಿ ಏಳುತ್ತಿದ್ದವು. ಒಂದು ಕಡೆ ತಾಯಿಯ ಮೈಯಿಂದ ಜಾರಿ ಬಿದ್ದ ಬಾವಲಿ ಮರಿ ಇತ್ತು. ಗುಲಾಬಿ ಬಣ್ಣದ ಚರ್ಮ, ಕಾಗದದಂಥ ರೆಕ್ಕೆ. ಅದರ ಹೊಟ್ಟೆಯನ್ನು ಜಿರಲೆಗಳು ಆಗಲೇ ತೆರೆದಿದ್ದವು. ಬಾಯಿ ಮಾತ್ರ ಇನ್ನೂ ತೆರೆದು ಮುಚ್ಚುತ್ತಿತ್ತು. ಮೇಲೆ ಸಾವಿರಾರು ದೊಡ್ಡವು ಒಂದೇ ಸಮನೆ ಕಿಚಗುಟ್ಟುತ್ತಿದ್ದವು. ಯಾವುದು ಅತ್ತರೂ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

"ಅಕ್ಕಾ, ಅದರ ಮೇಲೆ ಬೆಳಕು ಬಿಡಬೇಡ! ಥೂ, ಥೂ!" ಹಿಂದಿನಿಂದ ಅವನು ಅವಳ ಬೂಟಿನ ಗುರುತುಗಳ ಮೇಲೇ ಕಾಲಿಟ್ಟುಕೊಂಡು ಬರುತ್ತಿದ್ದ. "ನೀನು ಮೆಟ್ಟಿದ ಕಡೆ ಮೆಟ್ಟಿದ್ರೆ ಸ್ವಲ್ಪ ವಾಸಿ. ಸಣ್ಣ ಸಣ್ಣ ಹೆಜ್ಜೆ ಇಡು, ನಂಗೆ ಎಟಕಲ್ಲ."

ಅವಳು ತನ್ನ ಬೂಟಿನಿಂದಲೇ ಆ ಮರಿಯನ್ನು ಒತ್ತಿ, ಅದರ ಪಾಡನ್ನು ಮುಗಿಸಿ, ಮುಂದೆ ನಡೆದಳು.

ಸುಮಾರು ದೂರ ಹೋದ ಮೇಲೆ ಹಿಕ್ಕೆ ಕಡಿಮೆಯಾಗಿ, ಹಳಿಯ ಕೆಳಗಿನ ಮರದ ದಿಮ್ಮಿಗಳು ಅಲ್ಲಲ್ಲಿ ಕಂಡವು. ಗೋಡೆಯ ಮೇಲೆ ಹಳೆಯ ಉಗಿಬಂಡಿಗಳ ಮಸಿ ಅಂಗೈ ದಪ್ಪಕ್ಕೆ ಕಟ್ಟಿತ್ತು. ನೀರು ಅದರ ಮೇಲೆ ಇಳಿದು ಕಪ್ಪು ಸಿಂಬಳದ ಹಾಗೆ ಜೋತಾಡುತ್ತಿತ್ತು. ತಮ್ಮ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಸ್ಟ್ಯಾಂಡು ನಿಲ್ಲಿಸಿದ. ಸಣ್ಣ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕ್ಯಾಮೆರಾ ಕೂರಿಸುತ್ತ, "ಅಕ್ಕಾ, ನೀನು ತಿರುವಿನವರೆಗೂ ಹೋಗಿ ಗೋಡೆ ಹೆಂಗಿದೆ ನೋಡ್ಕೊಂಡು ಬಾ. ನಿಧಾನಕ್ಕೆ ಬಾ," ಎಂದ.

ಇದೂ ಅವರ ಮಾಮೂಲು. ಎಲ್ಲಿ ಹೋದರೂ ಅವಳನ್ನು ಮುಂದೆ ಕಳಿಸುತ್ತಿದ್ದ. ಅವಳು ತಿರುಗಿ ಬರುವಷ್ಟರಲ್ಲಿ, "ಅಕ್ಕಾ, ಓಡಿ ಬಾ, ನೋಡಿಲ್ಲಿ ಏನು ಸಿಕ್ತು!" ಎಂದು ಕೂಗುತ್ತಿದ್ದ. ಗಿರಣಿಯಲ್ಲಿ ಆ ಪುಟ್ಟ ಬೂಟು ಕಂಡಾಗ ಅವಳು ಅಲ್ಲೇ ಮಣ್ಣಲ್ಲಿ ಕೂತು ಅತ್ತಿದ್ದಳು. ಯಾವ ತಾಯಿಯ ಮಗುವೋ, ಇನ್ನೊಂದು ಕಾಲಿಗೆ ಬೂಟು ಹಾಕಿಕೊಂಡು ಮನೆಗೆ ಹೋಯಿತೋ ಇಲ್ಲವೋ ಎಂದು ರಾತ್ರಿಯೆಲ್ಲ ಹೊರಳಾಡಿದ್ದಳು.

ಈ ಸಲ ತಿರುವಿನ ಬಹಳ ಮೊದಲೇ ಹೊಸದಾಗಿ ಮಣ್ಣು ಕುಸಿದು ದಾರಿ ಮುಚ್ಚಿತ್ತು. ಅವಳು ಬೇಗನೆ ಹಿಂದಿರುಗಿದಳು. ಲ್ಯಾಂಪಿನ ಬೆಳಕು ನೇರವಾಗಿ ತಮ್ಮನ ಮೇಲೆ ಬಿತ್ತು.

ಅವನು ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಮುಚ್ಚಳ ತೆರೆದ ಒಂದು ತಿಂಡಿ ಡಬ್ಬಿ. ಕೈಯಲ್ಲಿ ಉದ್ದನೆಯ ಚಿಮಟ. ಮುಖವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು, ಚಿಮಟದ ತುದಿಯಲ್ಲಿದ್ದ ಏನನ್ನೋ ಮರದ ದಿಮ್ಮಿಯ ಮೇಲೆ ಇಳಿಸುತ್ತಿದ್ದ. ಇಳಿಸಿ, ಚಿಮಟದಿಂದಲೇ ಸ್ವಲ್ಪ ಹಿಕ್ಕೆ ತೆಗೆದು ಅದರ ಮೇಲೆ ಉದುರಿಸಿದ. ಬೆಳಕು ಮೈಮೇಲೆ ಬಿದ್ದದ್ದೇ ತಲೆಯೆತ್ತಿದ. ಸಿಕ್ಕಿಬಿದ್ದೆನೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಬಾಯಿ ತನ್ನ ಅಭ್ಯಾಸದ ಮಾತನ್ನು ಆಡಿಬಿಟ್ಟಿತ್ತು.

"ಅಕ್ಕಾ, ನೋಡಿಲ್ಲಿ ಏನು ಸಿಕ್ತು!"

ಚಿಮಟ ಇನ್ನೂ ಅವನ ಕೈಯಲ್ಲೇ ಇತ್ತು.

ಅಕ್ಕ ಹತ್ತಿರ ಬಂದಳು. ದಿಮ್ಮಿಯ ಮೇಲೆ, ಕಪ್ಪು ಹೊಲಸಿನ ನಡುವೆ, ಹಲ್ಲಿನ ಸೆಟ್ಟು ಬಾಯಿ ತೆರೆದುಕೊಂಡು ಕೂತಿತ್ತು. ಮೇಲಿನದು, ಕೆಳಗಿನದು, ಎರಡೂ. ಕೆಳಗಿನ ಸಾಲಿನಲ್ಲಿ ಎಡಗಡೆಯ ಒಂದು ಹಲ್ಲು ಉಳಿದವಕ್ಕಿಂತ ಬೆಳ್ಳಗಿತ್ತು. ಒಸಡಿನ ಗುಲಾಬಿ ಬಣ್ಣದ ಮೇಲೆ ಕೂದಲೆಳೆಯಂಥ ಒಂದು ಗೀರು. ಒಂದು ದಿನ ಬೆಳಿಗ್ಗೆ ತೊಳೆಯುವಾಗ ಅದು ಅವಳ ಕೈಯಿಂದಲೇ ಜಾರಿ ತೊಟ್ಟಿಗೆ ಬಿದ್ದು ಬಿರಿದಿತ್ತು. ಅದನ್ನು ಅಂಟಿಸಿಕೊಂಡು, ಮುರಿದ ಹಲ್ಲಿನ ಜಾಗಕ್ಕೆ ಹೊಸದು ಕೂರಿಸಿಕೊಂಡು ಬರುವವರೆಗೂ ಅಮ್ಮ ಬಾಯಿಗೆ ಟವೆಲು ಹಿಡಿದು ಗೋಡೆ ಕಡೆ ತಿರುಗಿ ಮಲಗಿದ್ದಳು.

"ಇದು ಅಮ್ಮಂದು," ಎಂದಳು ಅಕ್ಕ.

"ಅಕ್ಕ, ಮೊದ್ಲು ಕೇಳು..."

"ಇದು ಅಮ್ಮನ ಹಲ್ಲು ಕಣೋ."

"ಹೌದು. ಅಮ್ಮಂದೇ. ಕೇಳು ಅಂದೆ."

ಅಮ್ಮ ತೀರಿಹೋದ ದಿನ ಅಕ್ಕ ಮನೆಯ ಮೂಲೆ ಮೂಲೆ ಹುಡುಕಿದ್ದಳು. ದಿಂಬಿನ ಕೆಳಗೆ, ಮಂಚದ ಹಿಂದೆ, ಕಸದ ಬುಟ್ಟಿಯಲ್ಲಿ, ಬಚ್ಚಲಿನ ಜಾಲರಿ ಎತ್ತಿ ಅದರೊಳಗೆ. ಹಲ್ಲಿಲ್ಲದೆ ಅಮ್ಮನ ಮುಖ ಗಲ್ಲದಿಂದ ಮೂಗಿಗೆ ಮಡಚಿಹೋಗಿ ಯಾರೋ ಬೇರೆಯವರದಾಗಿತ್ತು. ಹಲ್ಲಿಲ್ಲದೆ ಹಾಲಿನವನಿಗೂ ಬಾಗಿಲು ತೆಗೆಯದಿದ್ದವಳನ್ನು ಬಂದವರೆಲ್ಲ ಬಗ್ಗಿ ಬಗ್ಗಿ ನೋಡಿದರು. ಅಮ್ಮನನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸನ್ನು ಅಕ್ಕ ಬಿಟ್ಟೂಬಿಡದೆ ಕೇಳಿದ್ದಳು. "ನಿಮ್ಮಮ್ಮನ ಹಲ್ಲು ಇಟ್ಕೊಂಡು ನಾನೇನು ಮಾಡ್ಲಿ, ಕಡಲೆ ಕಡೀಲಾ?" ಎಂದು ಅವಳು ಅಳುತ್ತ ಹೊರಟುಹೋಗಿದ್ದಳು. ಈಗ ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾಳೆ.

"ಯಾವಾಗ ತಗೊಂಡೆ?"

"ಆವತ್ತೇ. ನೀನು ಡಾಕ್ಟರ್ ಹತ್ರ ಮಾತಾಡ್ತಾ ಇದ್ದಾಗ. ಲೋಟದಲ್ಲಿತ್ತು." ಅವನು ಮುಖಗವಸನ್ನು ಗಲ್ಲಕ್ಕೆ ಎಳೆದುಕೊಂಡ. "ಕೊಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಜನ ತುಂಬಿಬಿಟ್ರು. ಎಲ್ಲರೆದುರಿಗೆ ಬ್ಯಾಗಿಂದ ಹಲ್ಲು ತೆಗೆದುಕೊಡೋಕಾಗುತ್ತಾ? ಏನಂದ್ಕೊಳ್ತಾರೆ?"

"ನಾನು ಬಚ್ಚಲಿನ ಮೋರಿಗೆ ಕೈ ಹಾಕಿ ಹುಡುಕ್ತಾ ಇದ್ದೆ."

"ಅದಕ್ಕೇ ಮತ್ತೆ. ಆಮೇಲೆ ಹೇಳೋಕೆ ನಂಗೂ ಒಂಥರಾ ಆಯ್ತು."

ಅಕ್ಕ ಅವನನ್ನೇ ನೋಡಿದಳು. ಅಮ್ಮ ಹಲ್ಲು ತೆಗೆದರೆ ಊಟದ ಮೇಜಿನಿಂದ ಎದ್ದುಹೋಗುತ್ತಿದ್ದವನು ಇವನು. ಲೋಟದಲ್ಲಿ ನೆನೆಹಾಕಿದ ಸೆಟ್ಟು ಕಂಡರೆ "ಥೂ, ಅದನ್ನ ಮುಚ್ಚಿಡೇ, ಹೊಟ್ಟೆ ತೊಳಸುತ್ತೆ" ಎನ್ನುತ್ತಿದ್ದವನು. ಕಡೆಗೆ ಅಮ್ಮ ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ, ಪರದೆ ಎಳೆದು, ಮಗನ ಊಟ ಮುಗಿದ ಮೇಲೆ ಒಬ್ಬಳೇ ಉಣ್ಣಲು ಕಲಿತಳು. ಅದೇ ಮಗ ಇಷ್ಟು ದಿನ ಅಮ್ಮನ ಹಲ್ಲನ್ನು ತಿಂಡಿ ಡಬ್ಬಿಯಲ್ಲಿಟ್ಟುಕೊಂಡಿದ್ದ.

"ಹಂಗಾದ್ರೆ ಆ ಬೂಟು? ಗಿರಣೀದು?"

ಅವನು ಚಿಮಟವನ್ನು ಡಬ್ಬಿಯೊಳಗೆ ಇಟ್ಟ.

"ಕನ್ನಡಕ?"

"ಹಳೇ ಸಾಮಾನಿನ ಅಂಗಡೀಲಿ ಸಿಗುತ್ತೆ ಅಕ್ಕ, ಅದೇನು ಮಹಾ. ಎಲ್ರೂ ಮಾಡ್ತಾರೆ. ನೀನು ಅತ್ತೆ ತಾನೇ ಆ ಬೂಟು ನೋಡಿ? ಆ ಅಳು ಸುಳ್ಳಾ? ಅದು ಬಂತಲ್ಲ, ಅಷ್ಟೇ ಬೇಕಾಗಿರೋದು." ಅವನ ದನಿಗೆ ಈಗ ಬಿಸಿ ಏರಿತು. "ಇದು ಸಿಕ್ಕಾಪಟ್ಟೆ ದೊಡ್ಡ ಚಿತ್ರ ಆಗುತ್ತೆ ನೋಡ್ತಿರು. ಸುರಂಗ ಅಂದ್ರೆ ಒಂದು ಬಾಯಿ. ಬಾಯೊಳಗೆ ಹಲ್ಲು. ಅಮ್ಮನ್ನ ಊರೆಲ್ಲ ನಿಂತು ನೋಡುತ್ತೆ. ನೀನು ಇಷ್ಟು ವರ್ಷ ತೊಳೆದು ತೊಳೆದು ಇಟ್ಯಲ್ಲ, ಅದನ್ನ ಯಾರಾದ್ರೂ ನೋಡಿದ್ರಾ? ನಾನು ಅಮ್ಮಂಗೆ ಒಳ್ಳೇದೇ ಮಾಡ್ತಿರೋದು."

ಒಂದು ಜಿರಲೆ ದಿಮ್ಮಿಯ ಸಂದಿನಿಂದ ಮೀಸೆ ಹೊರಗೆ ಹಾಕಿತು. ಮೆಲ್ಲಗೆ ಬಂದು, ಕೆಳಗಿನ ಸಾಲಿನ ಮೇಲೆ ಹತ್ತಿ, ಆ ಬಿಳಿಯ ಹಲ್ಲಿನ ಮೇಲೆ ನಿಂತಿತು.

"ಅಯ್ಯೋ, ಅದು ಹಂಗೇ ಇರ್ಲಿ," ಎಂದ ತಮ್ಮ ಪಿಸುದನಿಯಲ್ಲಿ. "ಬೇಗ ಅಕ್ಕ, ಲ್ಯಾಂಪು ತಗೊಂಡು ಹೋಗು. ಬೇಗ."

ಅವಳು ಅಂದದ್ದು ಇಷ್ಟೇ: "ಸರಿ, ತೆಗಿ."

ಅವನಿಗೆ ಖುಷಿಯಾಯಿತು. "ನನ್ನ ಅಕ್ಕ ಅಂದ್ರೆ ಅಕ್ಕ," ಎಂದ. ಕ್ಯಾಮೆರಾದ ಹಿಂದೆ ಹೋಗಿ, ಟಾರ್ಚು ಆರಿಸಿ, "ನಡಿ!" ಎಂದು ಕೂಗಿದ. ಶಟರ್ ತೆರೆದ ಸದ್ದು ಕೇಳಿಸಿತು.

ಅವಳು ಎಂದಿನಂತೆ ಗೋಡೆಗೆ ಬೆಳಕು ಬಳಿಯುತ್ತ ಹೊರಟಳು. ಮಸಿಯ ಮೇಲೆ, ಜೋತುಬಿದ್ದ ಕಪ್ಪು ನೀರಿನ ಮೇಲೆ, ಕೆಲಸದವರು ರೈಲು ಬಂದಾಗ ಒಳಸರಿದು ನಿಲ್ಲಲೆಂದು ಗೋಡೆಯಲ್ಲಿ ಕೊರೆದ ಗೂಡಿನ ಮೇಲೆ. ದಿಮ್ಮಿಯ ಹತ್ತಿರ ಬಂದಾಗ ನಿಂತಳು.

"ನಿಲ್ಲಬೇಡ! ಅಕ್ಕಾ, ನಡಿ!"

ಅವಳು ಬಗ್ಗಿದಳು. ಬರಿಗೈಯಿಂದ ಜಿರಲೆಯನ್ನು ಝಾಡಿಸಿ, ಎರಡೂ ಸಾಲುಗಳನ್ನು ಎತ್ತಿ ಮುಷ್ಟಿಯೊಳಗೆ ಹಿಡಿದುಕೊಂಡಳು. ಆಮೇಲೆ ಕ್ಯಾಮೆರಾ ಕಡೆ ತಿರುಗಿ ನೆಟ್ಟಗೆ ನಿಂತು, ಲ್ಯಾಂಪನ್ನು ಎತ್ತಿ ತನ್ನ ಮುಖಕ್ಕೆ ಹಿಡಿದಳು. ನಿಂತವರು ಮೂಡುತ್ತಾರೆ. ಅವನ ಚಿತ್ರ ಕೆಡಿಸಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

"ಹಾಳು ಮಾಡಿದ್ಯಲ್ಲೇ! ಏನು ತಲೆ ಕೆಟ್ಟಿದ್ಯಾ ನಿಂಗೆ? ಪಕ್ಕಕ್ಕೆ ಹೋಗು!" ಅವನ ಕೂಗಿಗೆ ಮೇಲಿನ ಬಾವಲಿಗಳೆಲ್ಲ ಒಮ್ಮೆಲೇ ಎದ್ದವು. ರೆಕ್ಕೆಯ ಗಾಳಿ, ಅದರ ಜೊತೆಗೆ ಮಳೆ ಹನಿಯಂತೆ ಬೆಚ್ಚಗಿನ ಏನೇನೋ ಉದುರಿತು. ಅವಳು ಕದಲಲಿಲ್ಲ. ಕಣ್ಣಿಗೆ ಲ್ಯಾಂಪು ಚುಚ್ಚುತ್ತಿದ್ದರೂ ರೆಪ್ಪೆ ಮುಚ್ಚಲಿಲ್ಲ. ಶಟರ್ ತಾನಾಗಿ ಮುಚ್ಚಿಕೊಳ್ಳುವವರೆಗೂ ಹಾಗೇ ನಿಂತಿದ್ದಳು.

ತಮ್ಮ ಬೈಯುತ್ತಲೇ ಕ್ಯಾಮೆರಾದ ಹಿಂದಿನ ಪರದೆ ನೋಡಿದ. ಬೈಗುಳ ಅರ್ಧಕ್ಕೆ ನಿಂತಿತು. ಅವನು ಬಗ್ಗಿ ಮತ್ತೆ ನೋಡಿದ.

"ಅಕ್ಕ," ಎಂದ. ದನಿಯೇ ಬೇರೆಯಾಗಿತ್ತು. "ಅಕ್ಕ, ಬಾ ಇಲ್ಲಿ. ಇದನ್ನ ನೋಡು."

ಅವಳು ಹೋಗಿ ನೋಡಿದಳು. ಸುರಂಗದ ಹೊಳೆಯುವ ಕರಿ ಗೋಡೆಗಳ ನಡುವೆ ಒಬ್ಬ ಹೆಂಗಸಿನ ಮುಖ. ಮೈ ಇಲ್ಲ, ಮುಖ ಮತ್ತು ಒಂದು ಮುಷ್ಟಿ ಮಾತ್ರ. ಕೆಳಗೆ ದಿಮ್ಮಿಯ ಮೇಲೆ ಹಲ್ಲುಗಳು ಇದ್ದೂ ಇಲ್ಲದ ಹಾಗೆ, ಹೊಗೆಯ ಹಾಗೆ ಮೂಡಿದ್ದವು. ಆ ಮುಖ ತನ್ನದೆಂದು ತಿಳಿಯಲು ಅವಳಿಗೆ ಕಷ್ಟವಾಯಿತು. ತುಟಿ ಒಂದು ಕಡೆಗೆ ಎಳೆದಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕೊಳೆತದ್ದನ್ನು ಎತ್ತಿ ನೋಡುವವರ ಕಣ್ಣು. ಲಾಂಡ್ರಿಯ ಯಾವ ಬಟ್ಟೆಗೂ ಅವಳು ಆ ಮುಖ ಮಾಡಿದವಳಲ್ಲ.

"ಹೇಳಿಕೊಟ್ರೆ ಇಂಥ ಮುಖ ಯಾರೂ ಮಾಡಲ್ಲ," ಎಂದ ಅವನು. ಕಣ್ಣು ಮಿನುಗುತ್ತಿದ್ದವು. "ಎಂಥ ಅಸಹ್ಯ ಇದೆ ನೋಡು ಇದರಲ್ಲಿ! ಬರೀ ಹಲ್ಲಿಗಿಂತ ನೂರು ಪಾಲು ಮೇಲು. ಇದನ್ನೇ ಹಾಕ್ತೀನಿ ನಡುಗೋಡೆಗೆ. ಅಕ್ಕ, ಇನ್ನೊಂದು ಸಲ ಹೋಗಿ ಹಂಗೇ ನಿಂತ್ಕೋ. ಹಲ್ಲನ್ನ ಮುಷ್ಟಿ ಬಿಚ್ಚಿ ಸ್ವಲ್ಪ ಮುಂದೆ ಹಿಡಿ, ಕಾಣಲಿ. ಬೇಕಾದ್ರೆ ಬಾಯಿ ಹತ್ರ..."

ಅಕ್ಕ ಕಕ್ಕಿದಳು. ಬೆಳಗಿನ ಚಹಾ, ಬ್ರೆಡ್ಡು, ಅದರ ಹಿಂದೆ ಹಳದಿ ನೀರು, ಆಮೇಲೆ ಏನೂ ಇಲ್ಲದೆ ಬರೀ ಹೊಟ್ಟೆಯ ಹಿಂಡು. ಪ್ಲಾಸ್ಟಿಕ್ ಹಾಳೆಯ ಮೇಲೆ, ಅವನ ಬೂಟಿನ ಚೀಲದ ಮೇಲೆ. ಇಷ್ಟು ವರ್ಷ ಬೇರೆಯವರ ಬೆನ್ನು ಸವರಿದವಳು ಮೊಣಕಾಲಿಗೆ ಕೈ ಊರಿ ಒಬ್ಬಳೇ ಕಕ್ಕಿದಳು.

"ಥೂ! ಥೂ! ಅಕ್ಕಾ!" ತಮ್ಮ ಹಾರಿ ಹಿಂದೆ ಸರಿದ. ಕಂಕುಳಲ್ಲಿದ್ದ ಟಾರ್ಚು ಜಾರಿ, ಹಾಳೆಯಾಚೆ ಹಿಕ್ಕೆಯ ಗಂಜಿಯೊಳಗೆ ಬಿದ್ದು ಮುಳುಗಿತು. ಅವನು ಕೈ ಚಾಚಿದ. ಗ್ಲೌಸು ಹಾಕಿದ ಬೆರಳುಗಳು ಹೊಲಸಿನ ಮೇಲೆ ಒಂದಿಷ್ಟು ಎತ್ತರದಲ್ಲಿ ಆಡಿ, ಹಿಂದಕ್ಕೆ ಬಂದವು.

"ಅಕ್ಕ, ಟಾರ್ಚು ಎತ್ತಿಕೊಡೇ."

ಅವಳು ತೋಳಿನಿಂದ ಬಾಯಿ ಒರೆಸಿಕೊಂಡಳು. ಲ್ಯಾಂಪನ್ನು ತನ್ನ ಕಾಲ ಮುಂದಕ್ಕೆ ಹಿಡಿದು ಹೊರಟಳು.

"ಅಕ್ಕಾ! ಲೈಟು! ನಂಗೆ ಏನೂ ಕಾಣ್ತಿಲ್ಲ! ಅಕ್ಕಾ, ನಿಂತ್ಕೊಳ್ಳೇ!"

ಈ ಸಲ ಅವಳು ನಿಲ್ಲಲಿಲ್ಲ. ಓಡಲೂ ಇಲ್ಲ. ಬಂದ ದಾರಿಯಲ್ಲೇ, ಮುಷ್ಟಿ ಬಿಗಿಹಿಡಿದು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋದಳು. ಹೆಜ್ಜೆಗಳು ಈಗ ಅವಳದೇ ಅಳತೆಯವು.

ಹೊರಗೆ ಬಿಸಿಲಿತ್ತು. ಗೊಬ್ಬರದವನು ಚೀಲಗಳ ಮೇಲೆ ಕೂತು ಬನ್ನು ತಿನ್ನುತ್ತಿದ್ದ. ಅವಳು ಡ್ರಮ್ಮಿನ ಹತ್ತಿರ ಬಂದು ಮುಷ್ಟಿ ಬಿಚ್ಚಿದಳು. ಅವನು ಬಗ್ಗಿ ನೋಡಿದ.

"ಯಾರದಮ್ಮ?"

"ನಮ್ಮಮ್ಮಂದು."

ಅವನು ಬನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು, ಡ್ರಮ್ಮಿನಿಂದ ಮಗ್ಗಿನಲ್ಲಿ ನೀರೆತ್ತಿ ಅವಳ ಅಂಗೈಗೆ ಸಣ್ಣಗೆ ಸುರಿದ. ಅವಳು ಹೆಬ್ಬೆರಳಿನಿಂದ ಒಸಡಿನ ಗೀರನ್ನು, ಹಲ್ಲಿನ ಸಂದುಗಳನ್ನು ಉಜ್ಜಿದಳು. ಹಿಂದೆ ದಿನಾ ಬೆಳಿಗ್ಗೆ ಉಜ್ಜುತ್ತಿದ್ದ ಹಾಗೆಯೇ, ಒಳಗಿನಿಂದ ಹೊರಕ್ಕೆ. ಅವನು ಇನ್ನೊಂದು ಮಗ್ಗು ಸುರಿದ.

"ಚೆನ್ನಾಗಿ ಮಾಡ್ಸಿದ್ರಿ," ಎಂದ, ಬನ್ನು ನುಂಗಿ. "ನಮ್ಮ ಅಪ್ಪಂಗೆ ಮಾಡ್ಸಿದ್ದು ಮಾತಾಡಿದ್ರೆ ಹೊರಗೇ ಬಂದ್ಬಿಡ್ತಿತ್ತು. ಬೈಯೋಕೆ ಮುಂಚೆ ತೆಗೆದು ಜೇಬಿಗೆ ಹಾಕ್ಕೊಳ್ಳೋನು."

ಅಕ್ಕ ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ಅದನ್ನೂ ಆ ನೀರಲ್ಲೇ ತೊಳೆದುಕೊಂಡಳು.

ಬಹಳ ಹೊತ್ತಾದ ಮೇಲೆ ಸುರಂಗದ ಕತ್ತಲಲ್ಲಿ ಒಂದು ಸಣ್ಣ ನೀಲಿ ಬೆಳಕು ಕಾಣಿಸಿತು. ಅದು ತೂರಾಡುತ್ತ, ನಿಲ್ಲುತ್ತ, ಮತ್ತೆ ಬರುತ್ತಿತ್ತು. ತಮ್ಮ ಕ್ಯಾಮೆರಾವನ್ನು ಎದೆಯ ಮುಂದೆ ಹಿಡಿದು, ಅದರ ಪರದೆಯ ಬೆಳಕಿನಲ್ಲಿ ದಾರಿ ನೋಡಿಕೊಂಡು ಬರುತ್ತಿದ್ದ. ಎಲ್ಲೋ ಬಿದ್ದೂ ಇದ್ದ. ಒಂದು ಕಡೆಯ ಕೆನ್ನೆ, ತೋಳು, ಸೊಂಟ ಹಿಕ್ಕೆಯಲ್ಲಿ ಮೆತ್ತಿಹೋಗಿತ್ತು. ಕೂದಲಲ್ಲಿ ಏನೋ ಹರಿದಾಡುತ್ತಿತ್ತು. ಪರದೆಯ ಮೇಲೆ ಅವಳ ಆ ಮುಖ ಹಾಗೇ ಇತ್ತು.

"ನೀರು," ಎಂದ. "ನೀರು ಹಾಕಿ, ಬೇಗ."

ಗೊಬ್ಬರದವನು ಅವನಿಗೂ ಮಗ್ಗು ತುಂಬಿಕೊಟ್ಟ. ಕೊಡುವಾಗ, "ಆಹಾ ಅಂದ್ರಾ?" ಎಂದು ಕೇಳಿದ.

ದಾರಿಯುದ್ದಕ್ಕೂ ಕಾರಿನ ನಾಲ್ಕೂ ಕಿಟಕಿ ತೆರೆದಿದ್ದವು. ಅಕ್ಕನ ಮಡಿಲಲ್ಲಿ ಕರವಸ್ತ್ರದ ಗಂಟು, ಅದರ ಒದ್ದೆ ಬಟ್ಟೆಗೆ ಇಳಿಯುತ್ತಿತ್ತು.

"ಆ ಫೋಟೊ ಅಳಿಸು," ಎಂದಳು ಒಮ್ಮೆ.

"ಮನೆಗೆ ಹೋಗಿ ಮಾತಾಡೋಣ. ಈಗ ನನ್ನ ಮಾತಾಡಿಸಬೇಡ, ಬಾಯಿ ತೆಗೆದ್ರೆ ವಾಂತಿ ಬರುತ್ತೆ."

ಮನೆಯಲ್ಲಿ ಅವನು ಬಚ್ಚಲು ಸೇರಿದವನು ಬಿಸಿನೀರು ಮುಗಿಯುವವರೆಗೂ ಈಚೆ ಬರಲಿಲ್ಲ. ಅಕ್ಕ ಹೊರಗಿನ ನಲ್ಲಿಯಲ್ಲೇ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಆಲೂಗಡ್ಡೆ ಬೇಯಲು ಇಟ್ಟಳು. ಆಮೇಲೆ ಕಪಾಟಿನ ಹಿಂದಿನಿಂದ ಅಮ್ಮನ ಗಾಜಿನ ಲೋಟ ತೆಗೆದು, ನೀರು ತುಂಬಿ, ಹಲ್ಲುಗಳನ್ನು ಅದರೊಳಗೆ ಇಳಿಸಿದಳು. ಲೋಟದ ಮುಚ್ಚಳವೂ ಅಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ.

ತಮ್ಮ ತಲೆ ಒರೆಸಿಕೊಳ್ಳುತ್ತ ಊಟದ ಮೇಜಿಗೆ ಬಂದು ನಿಂತ. ಎರಡು ತಟ್ಟೆಗಳು. ಮೂರನೆಯ ಕುರ್ಚಿಯ ಮುಂದೆ, ಅಮ್ಮ ಕೋಣೆಯಲ್ಲಿ ಉಣ್ಣಲು ಕಲಿಯುವ ಮೊದಲು ಕೂರುತ್ತಿದ್ದ ಜಾಗದಲ್ಲಿ, ಲೋಟ.

"ಅದನ್ನ ತೆಗಿ."

ಅಕ್ಕ ತನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿಕೊಂಡಳು.

"ಅಕ್ಕ, ಬೆಳಗಿಂದ ಏನೂ ತಿಂದಿಲ್ಲ ನಾನು. ಹೊಟ್ಟೆ ಹಸೀತಿದೆ. ಅದನ್ನ ಒಳಗಿಡು."

ಅವಳು ಆಲೂಗಡ್ಡೆಯನ್ನು ಬೆರಳಿನಿಂದ ಒತ್ತಿ ಒಡೆದು, ಉಪ್ಪು ಹಾಕಿದಳು. ಅವನು ಟವೆಲನ್ನು ಕುರ್ಚಿಯ ಮೇಲೆ ಎಸೆದ. ಆಮೇಲೆ ದಡದಡನೆ ಹೋಗಿ ಕ್ಯಾಮೆರಾ ತಂದ. "ಇಗೋ, ಅಳಿಸ್ತೀನಿ. ಆಯ್ತಾ? ಇದಕ್ಕೇ ತಾನೇ ಇಷ್ಟೆಲ್ಲ?" ಎಂದ. ಗುಂಡಿ ಒತ್ತಿದ. ಪರದೆಯ ಮೇಲಿನ ಮುಖ ಹೋಗಿ, ಖಾಲಿ ಕಪ್ಪು ಉಳಿಯಿತು. ಅದನ್ನು ಅವಳ ಕಣ್ಣ ಮುಂದೆ ತಂದು ತೋರಿಸಿದ. "ನೋಡ್ಕೋ. ಇಲ್ಲ ಈಗ. ನಡುಗೋಡೆಗೆ ಬರೀ ಮೊಳೆ ಹೊಡೀತೀನಿ, ಅಷ್ಟೇ. ಇನ್ನಾದ್ರೂ ಅದನ್ನ ತೆಗಿ."

ಅಕ್ಕ ಪರದೆಯನ್ನು ನೋಡಿದಳು, ತಲೆಯಾಡಿಸಿದಳು, ಮತ್ತೆ ಉಣ್ಣತೊಡಗಿದಳು.

ಅವನು ತನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಲೋಟದ ಕಡೆ ನೋಡಬಾರದೆಂದುಕೊಂಡೂ ನೋಡುತ್ತಿದ್ದ. ಕಡೆಗೆ ಒಂದೆರಡು ಆಲೂಗಡ್ಡೆ ಹಾಕಿಕೊಂಡು ತಟ್ಟೆ ಎತ್ತಿ, ಮುಖ ತಿರುಗಿಸಿ, ಅಮ್ಮನ ಕೋಣೆಗೆ ಹೋದ. ಬಾಗಿಲ ಪರದೆಯ ಬಳೆಗಳು ಕಂಬಿಯ ಮೇಲೆ ಸರಿದ ಸದ್ದಾಯಿತು.

ಅಕ್ಕ ನಿಧಾನವಾಗಿ ಉಂಡಳು. ಎದುರಿಗೆ ಲೋಟದಲ್ಲಿ ಹಲ್ಲುಗಳು ನೀರಿನಿಂದ ದೊಡ್ಡವಾಗಿ ಕಾಣುತ್ತಿದ್ದವು. ಎಷ್ಟು ತೊಳೆದರೂ ಸಂದಿನಲ್ಲಿ ಉಳಿದಿದ್ದ ಹಳೆಯ ರೈಲಿನ ಮಸಿ ಒಂದೊಂದೇ ಕಣವಾಗಿ ಬಿಟ್ಟುಕೊಂಡು, ಅತ್ತಿತ್ತ ತೇಲಿ, ತಳಕ್ಕೆ ಇಳಿಯುತ್ತಿತ್ತು.